ಒಮ್ಮೆ ಕಣ್ಣು ಮಿಟುಕಿಸಿ

ಬೆಳಿಗ್ಗೆ ಸರ್ವರ್ ಏಳುವ ಮೊದಲೇ
ಸಾಲು ಎದ್ದು ನಿಂತಿರುತ್ತದೆ.
ಕಲಬುರಗಿಯ ದೊಡ್ಡಾಸ್ಪತ್ರೆ, ನಾಲ್ಕನೇ ಕಿಟಕಿ.
ಈಚೆ ನಾನು, ನನ್ನ ಚಹಾ, ಒಂದು ಕಂಪ್ಯೂಟರ್, ಒಂದು ಟ್ಯಾಬ್,
ಹೆಬ್ಬೆರಳಿಗಾಗಿ ಕೆಂಪಗೆ ಕಾಯುವ ಪುಟ್ಟ ಗಾಜು.

ಸಾಯಬಣ್ಣನನ್ನು ಗಾಲಿ ಕುರ್ಚಿಯಲ್ಲಿ ತಂದರು.
ಶಹಾಬಾದದವನು. ಮೂವತ್ತೊಂದು ವರ್ಷ
ಫರಸಿ ಪಾಲಿಶ್ ಮಷೀನಿನ ಮುಂದೆ ಕೂತವನು.
ಎದೆಯೊಳಗೆ ಈಗ ಯಾರೋ
ಒದ್ದೆ ಉಸುಕು ಜರಡಿ ಹಿಡಿದ ಸದ್ದು.
ಜೊತೆಗೆ ಮಗಳು ಭೀಮಬಾಯಿ,
ಒಂದೇ ಚಪ್ಪಲಿ ಉಳಿದಿರುವ ಮೊಮ್ಮಗಳು,
ಪ್ಲಾಸ್ಟಿಕ್ ಚೀಲದಲ್ಲಿ ಆ ಮನೆಯ ಕಾಗದವೆಲ್ಲ:
ರೇಷನ್ ಕಾರ್ಡು, ಲೈಟ್ ಬಿಲ್ಲು, ಹೋದ ವರ್ಷದ ಎಕ್ಸ್‌ರೇ,
ಯಾಕೋ ಒಂದು ಲಗ್ನಪತ್ರಿಕೆಯೂ.

"ಐದು ಲಕ್ಷದ ತನಕ ಪುಕ್ಕಟ ಅಂತಾರಲ್ರಿ,
ಆ ಕಾರ್ಡು ನಮಗ್ಯಾಕ ಸಿಗವಲ್ದು?"
ಸಿಗುತ್ತದೆ ಅವ್ವಾ. ಇದ್ದೇ ಇದೆ.
ಎಲ್ಲೋ ಒಂದು ಮಷೀನಿನ ಹೊಟ್ಟೆಯಲ್ಲಿ
ನಿಮ್ಮಪ್ಪ ಮಲಗಿದ್ದಾನೆ, ಎಬ್ಬಿಸಬೇಕಷ್ಟೆ.

ರೇಷನ್ ಕಾರ್ಡಿನಲ್ಲಿ ಸಾಯಬಣ್ಣ,
ಆಧಾರಿನಲ್ಲಿ ಸಾಹೇಬಣ್ಣ,
ಪಟ್ಟಿಯಲ್ಲಿ, ಊಟಕ್ಕೆ ಏಳುವ ಅವಸರದಲ್ಲಿ
ಯಾರೋ ಹೊಡೆದ ಸಬ್ಬಣ್ಣ.
ಮೂವರದೂ ಒಂದೇ ಓಣಿ,
ಮೂವರೂ ಒಬ್ಬಳೇ ಹೆಂಡತಿಯನ್ನು ಮಣ್ಣು ಮಾಡಿ ಬಂದವರು,
ಮೂವರಿಗೂ ಅದೇ ಕೆಮ್ಮು.
ಮಷೀನಿಗೆ ಮಾತ್ರ
ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ.

ಹೊಸ ಆ್ಯಪ್ ಬಂದು ಎರಡು ತಿಂಗಳು.
ಅಕ್ಷರ ಬಿಟ್ಟು ಉಲಿ ಹಿಡಿದು ಹುಡುಕುತ್ತದೆ,
ಕತ್ತಲಲ್ಲಿ ದನ ಹುಡುಕಿದ ಹಾಗೆ, ಗಂಟೆಯ ಸದ್ದಿಗೆ.
"ನಿಮ್ಮ ಹೆಸರು ನೀವೇ ಹೇಳ್ರಿ ಮುತ್ಯಾ."
ಎರಡು ಕೆಮ್ಮಿನ ನಡುವೆ ಆತ ಹೇಳಿದ.
ಚಕ್ರ ಸುತ್ತಿತು. ನನ್ನ ಚಹಾ ಆರಿತು.
ಸಬ್ಬಣ್ಣ ಎದ್ದು ಬಂದ.

ಇನ್ನು ಬೆರಳು.
ಬಲ ಹೆಬ್ಬೆಟ್ಟು, ಇಲ್ಲ. ಎಡ, ಇಲ್ಲ.
ಹತ್ತೂ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ
ಕೊಬ್ಬರಿ ಎಣ್ಣೆ ತಿಕ್ಕಿ ಗಾಜಿಗೆ ಒತ್ತಿದೆ.
ಗೆರೆಯೇ ಇಲ್ಲ.
"ಕಲ್ಲು ನುಣ್ಣಗ ಮಾಡ್ಕೋತ ಮಾಡ್ಕೋತ
ಇವೂ ನುಣ್ಣಗ ಆಗ್ಯಾವ್ರಿ"
ಎಂದು ನಾಚಿದ, ತಪ್ಪು ತನ್ನದೇ ಎಂಬಂತೆ.
ಕಣ್ಣು ನೋಡುವ ಮಷೀನು ರಿಪೇರಿಗೆ ಹೋಗಿದೆ,
ದೀಪಾವಳಿಗೆ ಮೊದಲೇ.

ಉಳಿದದ್ದು ಮುಖ.
ಅದಕ್ಕೆ ಮೂಗಿನ ಪೈಪು ತೆಗೆಯಬೇಕು.
ಎಷ್ಟು ಹೊತ್ತು, ಕೇಳಿದಳು ನರ್ಸ್.
ಹತ್ತು ಸೆಕೆಂಡು ಎಂದೆ.
ನೆಟ್‌ವರ್ಕ್ ಇದ್ದರೆ ಎಂಬುದನ್ನು ನುಂಗಿದೆ.

ಪರದೆಯ ದುಂಡು ಗೆರೆಯೊಳಗೆ ಅವನ ಮುಖ.
*ಕಣ್ಣು ಮಿಟುಕಿಸಿ* ಎಂದಿತು.
ಆತ ನೆಟ್ಟಗೆ ನೋಡುತ್ತ ಕೂತ,
ಫೋಟೋ ಎಂದರೆ ಅಲುಗಬಾರದು ಎಂದು ಕಲಿತ ಕಾಲದವನು.
"ಮುತ್ಯಾ, ಕಣ್ಣು ಬಡೀರಿ."
"ಯಪ್ಪಾ, ಕಣ್ಣು ಬಡಿ!"
*ವಿಫಲವಾಗಿದೆ. ಮತ್ತೊಮ್ಮೆ ಪ್ರಯತ್ನಿಸಿ.*
ಆರು ಸೆಕೆಂಡು. ಒಂಬತ್ತು.
ತುಟಿ ನೇರಳೆಗೆ ತಿರುಗುತ್ತಿತ್ತು.
ನೀನು ಬರೀ ಪಟವೋ, ಜೀವವೋ
ಎಂದು ಅದು ಕೇಳುತ್ತಿದೆ,
ಹೇಗೆ ಹೇಳಲಿ ಇವನಿಗೆ?

ಆ ಹುಡುಗಿ ಕುರ್ಚಿಯ ಪಾದದಾಣಿ ಹತ್ತಿ
ಮುತ್ಯಾನ ಮುಖಕ್ಕೆ ಉಫ್ ಎಂದು ಊದಿಬಿಟ್ಟಳು.

ರೆಪ್ಪೆ ಬಡಿಯಿತು.
ಹಸಿರು ಬಂತು.

ಪೈಪು ಮತ್ತೆ ಮೂಗಿಗೆ. ಪ್ರಿಂಟರ್ ಗೊಣಗುತ್ತ ಕಾರ್ಡು ಉಗುಳಿತು.
ಒಪ್ಪಿಗೆ ಬರಬೇಕು ಇನ್ನೂ, ಬೆಂಗಳೂರಿಂದ,
ಎದೆಯೊಳಗಿನ ಕಲ್ಲಿನ ಪುಡಿಗೆ
ಯಾವ ಕೋಡು ಹಾಕಲೆಂದು ಡಾಕ್ಟರು ಹುಡುಕುತ್ತಿದ್ದಾರೆ.
ಅದನ್ನು ನಾನು ಭೀಮಬಾಯಿಗೆ ಹೇಳಲಿಲ್ಲ.

"ಏನಂತದ ಅದು? ನಾ ಇದ್ದೀನಂತೇನು?"
ಇದ್ದೀರಂತ ಮುತ್ಯಾ.
"ಹಂಗಾರ ನಿನ್ನಿ ತನಕ ಎಲ್ಲಿಟ್ಟಿದ್ದಿ ಅಂತ ಕೇಳು ಅದಕ್ಕ."

ಮುಂದಿನವರು ಬರ್ರಿ ಎಂದೆ.
ವಾರ್ಡಿನ ಬಾಗಿಲಲ್ಲಿ ಕುರ್ಚಿಯ ಗಾಲಿ
ಎರಡು ಫರಸಿಗಳ ನಡುವೆ ಸಿಕ್ಕಿಕೊಂಡಿತು.
ಸಾಯಬಣ್ಣ ಬಗ್ಗಿ ನೆಲ ನೋಡಿದ,
ಕೆಮ್ಮು ಇಳಿಯುವವರೆಗೆ ಕಾದು,
ಭೀಮಬಾಯಿಗೆ ಹೇಳಿದ:
"ಕಲ್ಲು ನಮ್ಮೂರಿಂದೇ.
ಕೂಡ್ಸಿದಾಂವ ಯಾರೋ,
ಸಂದಿ ಬಿಟ್ಟಾನ."